ಮೂರು ಬಿಂದುಗಳಿಂದ ತಿರುವಿನ ತ್ರಿಜ್ಯ ಸಿಗುವುದಿಲ್ಲವೇಕೆ?

ಪ್ರಶ್ನೆ: ಈಗಿರುವ ಹಳಿಯ ಒಂದು ತಿರುವನ್ನು, ಕೋನ ಮತ್ತು ದೂರ ಅಳೆಯುವ ಟೋಟಲ್ ಸ್ಟೇಷನ್‌ನಿಂದ 5 ಮೀಟರಿಗೊಂದರಂತೆ ಸರ್ವೆ ಮಾಡಿದ್ದೇವೆ, 140 ಬಿಂದುಗಳಿವೆ. ಹಳೆಯ ನಕ್ಷೆಯಲ್ಲಿ ತ್ರಿಜ್ಯ 600 ಮೀಟರ್ ಎಂದಿದೆ. ಅಕ್ಕಪಕ್ಕದ ಮೂರು ಮೂರು ಬಿಂದುಗಳಿಗೆ ವೃತ್ತ ಕೂರಿಸಿದರೆ ಒಂದು ಕಡೆ 530, ಪಕ್ಕದಲ್ಲೇ 690 ಬರುತ್ತದೆ. ಸರ್ವೆಯೇ ಕೆಟ್ಟಿದೆಯೇ? ನೇರ ಭಾಗ, ಟ್ರಾನ್ಸಿಷನ್ (ನೇರದಿಂದ ವೃತ್ತಕ್ಕೆ ನಿಧಾನವಾಗಿ ಬಾಗುವ ಭಾಗ), ವೃತ್ತ ಇವನ್ನು ಬೇರ್ಪಡಿಸುವುದು ಹೇಗೆ?

ಉತ್ತರ: ಸರ್ವೆಯನ್ನು ದೂರಬೇಡಿ, ನೀವು ಹಿಡಿದ ಜ್ಯಾ (ತಿರುವಿನ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆ) ಗಿಡ್ಡವಾಯಿತು. 5 ಮೀಟರ್ ಅಂತರದ ಮೂರು ಬಿಂದು ಎಂದರೆ 10 ಮೀಟರ್ ಜ್ಯಾ. 600 ಮೀಟರ್ ತ್ರಿಜ್ಯಕ್ಕೆ ಅದರ ವರ್ಸೈನ್ (ಜ್ಯಾದ ನಡುವಿನಿಂದ ತಿರುವಿಗಿರುವ ದೂರ) ಬರೀ 20.8 ಮಿ.ಮೀ. ಒಂದೊಂದು ಬಿಂದುವಿನ ಅಡ್ಡ ದೋಷ 2 ಮಿ.ಮೀ. ಎಂದಿಟ್ಟುಕೊಂಡರೂ ವರ್ಸೈನ್‌ನಲ್ಲಿ ಸುಮಾರು 2.5 ಮಿ.ಮೀ. ದೋಷವಾಗುತ್ತದೆ. ಅಂದರೆ ನೂರಕ್ಕೆ 12. ತ್ರಿಜ್ಯ 70 ಮೀಟರ್ ಅತ್ತಿತ್ತ ಓಲಾಡಿದರೆ ಆಶ್ಚರ್ಯವೇನಿಲ್ಲ. ನಡುವಿನ ಬಿಂದುವಿಗೆ ಹಿಂದಿನ ನಾಲ್ಕನೆಯದು, ಮುಂದಿನ ನಾಲ್ಕನೆಯದು ಹೀಗೆ 40 ಮೀಟರ್ ಜ್ಯಾ ಹಿಡಿಯಿರಿ. ವರ್ಸೈನ್ 333 ಮಿ.ಮೀ. ಆಗುತ್ತದೆ, ದೋಷ ಮಾತ್ರ ಅಷ್ಟೇ ಇರುತ್ತದೆ, ತ್ರಿಜ್ಯದ ಓಲಾಟ 4–5 ಮೀಟರಿಗೆ ಇಳಿಯುತ್ತದೆ.

ಒಂದೊಂದೇ ಬಿಂದು ಸರಿಯುತ್ತಾ ಈ ವರ್ಸೈನ್‌ಗಳನ್ನು ಚೈನೇಜ್‌ಗೆ (ಹಳಿಗುಂಟ ಅಳೆದ ದೂರಕ್ಕೆ) ಎದುರಾಗಿ ಗ್ರಾಫ್ ಹಾಕಿ. ನೇರ ಭಾಗದಲ್ಲಿ ಸೊನ್ನೆ, ಟ್ರಾನ್ಸಿಷನ್‌ನಲ್ಲಿ ಏರು, ವೃತ್ತದಲ್ಲಿ ಸಮತಟ್ಟು, ಮತ್ತೆ ಇಳಿಜಾರು. ಉದ್ದ ಜ್ಯಾದಿಂದ ಮೂಲೆಗಳು ದುಂಡಗಾಗುತ್ತವೆ. ದುಂಡಾದ ಜಾಗವನ್ನೇ ಟ್ರಾನ್ಸಿಷನ್ನಿನ ತುದಿ ಎಂದು ಗುರುತು ಹಾಕಬೇಡಿ. ಸಮತಟ್ಟಿನ ಗೆರೆಯನ್ನೂ ಏರಿನ ಗೆರೆಯನ್ನೂ ಮುಂದುವರಿಸಿ ಅವು ಕೂಡುವ ಚೈನೇಜ್ ತೆಗೆದುಕೊಳ್ಳಿ. ಟ್ರಾನ್ಸಿಷನ್ ಜ್ಯಾಗಿಂತ ಉದ್ದವಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಇಷ್ಟಾದರೂ ಕೈಗೆ ಬಂದಿದ್ದು ಆರಂಭಿಕ ಅಂದಾಜು ಮಾತ್ರ. ಅಂತಿಮ ಲೆಕ್ಕ ನಿರ್ದೇಶಾಂಕಗಳ ಮೇಲೆಯೇ ಆಗಬೇಕು.

ಅದರಲ್ಲಿ ಮೊದಲ ಕೆಲಸ ಎರಡೂ ಕಡೆಯ ನೇರ ಭಾಗಗಳನ್ನು ಕೂರಿಸುವುದು. ಕನಿಷ್ಠ ವರ್ಗ ವಿಧಾನದಲ್ಲಿ (ದೂರಗಳ ವರ್ಗಗಳ ಮೊತ್ತವನ್ನು ಕನಿಷ್ಠ ಮಾಡುವ ವಿಧಾನ) ಗೆರೆಗೆ ಲಂಬವಾದ ದೂರವನ್ನು ಅಳೆಯಿರಿ. ತಂತ್ರಾಂಶದ ಸಾಮಾನ್ಯ ಟ್ರೆಂಡ್‌ಲೈನ್ ಉತ್ತರ–ದಕ್ಷಿಣದ ಅಂತರವನ್ನಷ್ಟೇ ಕನಿಷ್ಠ ಮಾಡುತ್ತದೆ, ಹಳಿ ಓರೆಯಾಗಿದ್ದಷ್ಟೂ ತಪ್ಪುತ್ತದೆ. ಇನ್ನು, ತಿರುವಿನ ಹತ್ತಿರದ ಬಿಂದುಗಳನ್ನು ನೇರ ಭಾಗಕ್ಕೆ ಸೇರಿಸುವ ಆಸೆ ಬೇಡ. 60 ಮೀಟರ್ ಉದ್ದದ ಟ್ರಾನ್ಸಿಷನ್ 600 ಮೀಟರ್ ವೃತ್ತಕ್ಕೆ ಸೇರುವಾಗ, ಮೊದಲ 10 ಮೀಟರ್‌ನಲ್ಲಿ ಸ್ಪರ್ಶರೇಖೆಯಿಂದ ಸರಿಯುವುದು 4.6 ಮಿ.ಮೀ., 20 ಮೀಟರಿಗೆ 37 ಮಿ.ಮೀ., ಕೊನೆಗೆ ಒಂದು ಮೀಟರ್. ಮೊದಲೆರಡು ಬಿಂದುಗಳು ನೇರ ಭಾಗದವೇ ಎಂದು ಯಾರಾದರೂ ನಂಬುತ್ತಾರೆ. ಅವನ್ನು ಸೇರಿಸಿಕೊಂಡ ಗೆರೆ ತುಸುವೇ ತಿರುಗಿದರೂ ತಿರುವಿನ ಒಟ್ಟು ಕೋನ (ಎರಡು ನೇರ ಭಾಗಗಳ ದಿಕ್ಕಿನ ವ್ಯತ್ಯಾಸ) ಬದಲಾಗಿ ಮುಂದಿನದೆಲ್ಲ ಕೆಡುತ್ತದೆ.

ನೇರ ಭಾಗಗಳು ಗಟ್ಟಿಯಾದರೆ ಒಟ್ಟು ಕೋನವೂ ಗಟ್ಟಿ. ಉಳಿಯುವ ಅಜ್ಞಾತಗಳು ಮೂರೇ: ತ್ರಿಜ್ಯ ಮತ್ತು ಎರಡು ಟ್ರಾನ್ಸಿಷನ್ ಉದ್ದಗಳು. ಅವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಅಡ್ಡ ಶೇಷಗಳ (ಲೆಕ್ಕದ ಗೆರೆಯಿಂದ ಬಿಂದುಗಳಿಗಿರುವ ಅಡ್ಡ ಅಂತರಗಳ) ವರ್ಗಗಳ ಮೊತ್ತ ಕನಿಷ್ಠವಾಗುವವರೆಗೆ ಪುನರಾವರ್ತಿಸಿ. ವೃತ್ತದ ಒಳಸರಿತವನ್ನು (ಟ್ರಾನ್ಸಿಷನ್ನಿಗೆ ಜಾಗ ಬಿಡಲು ವೃತ್ತ ಒಳಗೆ ಸರಿಯುವ ದೂರ), ಅಂದರೆ ಟ್ರಾನ್ಸಿಷನ್ ಉದ್ದದ ವರ್ಗವನ್ನು ತ್ರಿಜ್ಯದ 24 ಪಟ್ಟಿನಿಂದ ಭಾಗಿಸಿದ್ದನ್ನು, ಮರೆತರೆ ಲೆಕ್ಕ ಕೂಡುವುದೇ ಇಲ್ಲ. ನಿಮ್ಮ ತಿರುವಿಗೆ, ಟ್ರಾನ್ಸಿಷನ್ 60 ಮೀಟರ್ ಆಗಿದ್ದರೆ, ಅದು 250 ಮಿ.ಮೀ. ನಿರ್ದೇಶಾಂಕಗಳಿಂದ ಮೊದಲೇ ಒಂದು ಸ್ಥಿರಸಂಖ್ಯೆ ಕಳೆದುಬಿಡಿ. ಲಕ್ಷಗಟ್ಟಲೆ ಮೀಟರಿನ ಸಂಖ್ಯೆಗಳನ್ನು ವರ್ಗ ಮಾಡಿದರೆ ಮಿಲಿಮೀಟರುಗಳು ಮಾಯವಾಗಬಹುದು.

ಇದಕ್ಕೆಲ್ಲ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಪ್ರಿಸಂ (ಟೋಟಲ್ ಸ್ಟೇಷನ್ ಗುರಿಯಿಡುವ ಪ್ರತಿಫಲಕ) ಇಟ್ಟಿದ್ದು ಹಳಿಯ ತಲೆಯ, ಅಂದರೆ ಗಾಲಿ ಉರುಳುವ ಮೇಲ್ಭಾಗದ, ನಡುವಿಗೋ, ಒಳ ಅಂಚಿಗೋ? ತಲೆ ಸುಮಾರು 70 ಮಿ.ಮೀ. ಅಗಲ. ಅರ್ಧ ದಿನ ಒಂದು ಕಡೆ, ಅರ್ಧ ದಿನ ಇನ್ನೊಂದು ಕಡೆ ಇಟ್ಟಿದ್ದರೆ 35 ಮಿ.ಮೀ. ಮೆಟ್ಟಿಲು ಬರುತ್ತದೆ, ಅದನ್ನು ಯಾವ ಗಣಿತವೂ ಸರಿಪಡಿಸದು.

ಪ್ರಶ್ನೆ: ಇನ್ನೊಂದು ತಿರುವಿನಲ್ಲಿ ಶೇಷಗಳೆಲ್ಲ 5 ಮಿ.ಮೀ. ಒಳಗಿವೆ. ಲೆಕ್ಕ ಕೊಟ್ಟ ತ್ರಿಜ್ಯ 1013 ಮೀಟರ್. ಒಪ್ಪಬಹುದೇ?

ಉತ್ತರ: ಒಟ್ಟು ಕೋನ ಎಷ್ಟು ಎಂದು ನೀವು ಬರೆದಿಲ್ಲ, ಉತ್ತರ ನಿಂತಿರುವುದೇ ಅದರ ಮೇಲೆ. ಕೋನ 20 ಡಿಗ್ರಿ ಇದ್ದರೆ ತ್ರಿಜ್ಯವನ್ನು 10 ಮೀಟರ್ ಬದಲಿಸಿದಾಗ ತಿರುವಿನ ನಡುಭಾಗ ಸುಮಾರು 150 ಮಿ.ಮೀ. ಸರಿಯುತ್ತದೆ, ಬಿಂದುಗಳು ತಕ್ಷಣ ಪ್ರತಿಭಟಿಸುತ್ತವೆ. ಕೋನ 4 ಡಿಗ್ರಿ ಇದ್ದರೆ ಅದೇ 10 ಮೀಟರಿಗೆ ಬರೀ 6 ಮಿ.ಮೀ. ಹಾಗಿದ್ದಾಗ 1013 ಎಂಬುದರ ಕೊನೆಯ ಎರಡು ಅಂಕಿಗಳಿಗೆ ಅರ್ಥವಿಲ್ಲ, 1000 ಎಂದೇ ಇಟ್ಟು ಮತ್ತೆ ಓಡಿಸಿ. ಶೇಷಗಳು ಹೆಚ್ಚೂಕಡಿಮೆ ಅಷ್ಟೇ ಬಂದರೆ ದುಂಡು ಸಂಖ್ಯೆಯೇ ಸರಿ.

ಶೇಷಗಳ ಗಾತ್ರಕ್ಕಿಂತ ಚಿಹ್ನೆ ನೋಡಿ. ಧನ–ಋಣ ಬೆರೆತಿದ್ದರೆ ಅದು ಸರ್ವೆಯ ಸಣ್ಣಪುಟ್ಟ ಅಳತೆ ದೋಷ. ಎಂಟು ಹತ್ತು ಬಿಂದು ಸತತ ಒಂದೇ ಕಡೆ ಬಿದ್ದರೆ ಹಳಿ ಅಲ್ಲಿ ನಿಜಕ್ಕೂ ಜರುಗಿದೆ, ಇಲ್ಲವೇ ಅಲ್ಲೊಂದು ಬೇರೆ ತ್ರಿಜ್ಯದ ತುಂಡಿದೆ. ಯಾವುದು ಎಂದು ತಿಳಿಯಲು ಕ್ಯಾಂಟ್ (ಹೊರ ಹಳಿ ಒಳ ಹಳಿಗಿಂತ ಎಷ್ಟು ಎತ್ತರ ಎಂಬುದು) ಅಳೆಯಿರಿ. ಸಾಮಾನ್ಯವಾಗಿ ಅದು ಟ್ರಾನ್ಸಿಷನ್ ಉದ್ದಕ್ಕೂ ಏರಿ ವೃತ್ತದಲ್ಲಿ ಸ್ಥಿರವಾಗಿರುತ್ತದೆ. ಕ್ಯಾಂಟ್ ಮಧ್ಯದಲ್ಲಿ ಹಂತ ಬದಲಿಸದೆ ಒಂದೇ ಸಮ ಇದ್ದರೆ, ಶೇಷ ಇಳಿಸಲೆಂದು 15 ಮೀಟರ್ ಉದ್ದದ ಇನ್ನೊಂದು ವೃತ್ತದ ತುಂಡು ತುರುಕುವ ಅಗತ್ಯವಿಲ್ಲ. ಸೇತುವೆ, ಪ್ಲಾಟ್‌ಫಾರ್ಮ್ ಇರುವಲ್ಲಿ ಮಾತ್ರ ಹಳಿಯನ್ನು ಸರಿಸಲಾಗದು. ಅಲ್ಲಿನ ಬಿಂದುಗಳಿಗೆ ಹೆಚ್ಚಿನ ತೂಕ ಕೊಟ್ಟು, ಶೇಷವನ್ನು ಬಯಲಿನ ಕಡೆ ತಳ್ಳಿ.