ಕೊಡಚಾದ್ರಿ, ಮುಳ್ಳಯ್ಯನಗಿರಿ ಒಂದೇ ಸಾಲಲ್ಲ
ಎರಡೂ ಒಂದೇ ಬೆಟ್ಟಸಾಲಾ, ಯಾವುದು ಎತ್ತರ ಅಂತ ಕೇಳಿದ್ದೀರಿ. ಎತ್ತರ ಮುಳ್ಳಯ್ಯನಗಿರಿಯೇ, ಸುಮಾರು 1,930 ಮೀಟರ್, ಕರ್ನಾಟಕಕ್ಕೇ ಮೊದಲು. ನಮ್ಮ ಹೊಸನಗರ ತಾಲ್ಲೂಕಿನ ಕೊಡಚಾದ್ರಿ 1,343. ಸಾಲು ಬೇರೆ. ಮುಳ್ಳಯ್ಯನಗಿರಿ ಇರುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅದು ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದು ಕುದುರೆ ಲಾಳದ ಹಾಗೆ ಬಾಗಿದೆ. ಕೊಡಚಾದ್ರಿ ಅಂಚಿನಲ್ಲೇ ನಿಂತಿದೆ.

ಆದರೂ ಕೊಡಚಾದ್ರಿಯೇ ದೊಡ್ಡದು ಅನ್ನಿಸಿದರೆ ನಿಮ್ಮ ಕಣ್ಣಿನ ತಪ್ಪಲ್ಲ ಬಿಡಿ. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ಎತ್ತರದಲ್ಲಿದೆ, ಅಲ್ವಾ? ಅಲ್ಲಿಂದ ಮೇಲೆ ಉಳಿಯುವುದು ಸಾವಿರಕ್ಕೂ ಕಮ್ಮಿ. ಕೊಲ್ಲೂರಿನ ತಗ್ಗಿನಿಂದ ಕೊಡಚಾದ್ರಿ ಸಾವಿರಕ್ಕಿಂತ ಜಾಸ್ತಿ ಏಳುತ್ತದೆ. ಸರ್ವಜ್ಞ ಪೀಠದ ಕಲ್ಲುಮಂಟಪ ದಾಟಿ ಪಶ್ಚಿಮಕ್ಕೆ ನಿಂತರೆ ಕಾಲ ಬುಡದಲ್ಲೇ ಪ್ರಪಾತ. ಮಳೆಗಾಲದಲ್ಲಿ ಮಾತ್ರ ಸುಮ್ನೆ ಹೋಗಬೇಡಿ, ಮಂಜು ಬಿಟ್ಟರೆ ಏನೂ ಕಾಣುವುದಿಲ್ಲ.