ಪರವಾನಗಿಗೂ ಮೊದಲೇ ರಿವಾಲ್ವರ್‌ಗೆ ಮುಂಗಡ ಕೊಡಬಹುದೇ?

ಪ್ರಶ್ನೆ: ನಾನು ಮಹಾಲಿಂಗಪುರ ಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತೇನೆ. ಹಂಗಾಮಿನಲ್ಲಿ ನಗದು ಇಟ್ಟುಕೊಂಡು ಹೊತ್ತು ಮುಳುಗಿದ ಮೇಲೂ ಓಡಾಡಬೇಕಾಗುತ್ತದೆ. ಅಪರಿಚಿತರು ಬೈಕಿನಲ್ಲಿ ಬೆನ್ನು ಹತ್ತಿದ್ದುಂಟು. ಅದರ ಬಗ್ಗೆ ಠಾಣೆಗೆ ದೂರು ಕೊಟ್ಟಿದ್ದೇನೆ. ರಿವಾಲ್ವರ್ ಪರವಾನಗಿಗೆ ಅರ್ಜಿ ಹಾಕಿದ್ದೇನೆ, ಆದೇಶ ಇನ್ನೂ ಆಗಿಲ್ಲ. ಈ ನಡುವೆ ಬೆಳಗಾವಿಯ ಬಂದೂಕಿನ ಅಂಗಡಿಯವರೊಬ್ಬರು, ‘ಈಗಲೇ ಮುಂಗಡ ಕೊಡಿ, ನಿಮ್ಮ ಹೆಸರಿಗೆ ಒಂದನ್ನು ತೆಗೆದಿಡುತ್ತೇವೆ, ಉಳಿದ ಹಣವನ್ನು ತಿಂಗಳ ಕಂತಿನಲ್ಲಿ ಕಟ್ಟಿ’ ಎಂದಿದ್ದಾರೆ. ಅಮೆರಿಕದಲ್ಲಿರುವ ನಮ್ಮ ಅಳಿಯ ಅಲ್ಲಿಯೂ ಹೀಗೆಯೇ ಕೊಳ್ಳುತ್ತಾರೆ ಎನ್ನುತ್ತಾನೆ. ಮುಂಗಡ ಕೊಡಲೇ? ಅರ್ಧ ಹಣ ತೀರಿದ ಮೇಲೆ ಮನೆಗೆ ತರಬಹುದೇ? ನಮ್ಮದು ಕೂಡು ಕುಟುಂಬ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಏನೇನು ಸಿದ್ಧತೆ ಮಾಡಿಕೊಳ್ಳಬೇಕು?

ಉತ್ತರ: ಪರವಾನಗಿ ಆದೇಶ ನಿಮ್ಮ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆದೇಶ ಬಂದ ಮೇಲೆ ಕಂತಿನಲ್ಲಿ ಕಟ್ಟಬಹುದು, ಆದರೆ ಪೂರ್ತಿ ಹಣ ತೀರುವವರೆಗೆ ರಿವಾಲ್ವರ್ ಅಂಗಡಿಯ ತಿಜೋರಿಯಲ್ಲಿಯೇ ಇರಲಿ.

ನಿಮ್ಮ ಅಳಿಯ ಹೇಳಿದ್ದು ಸುಳ್ಳಲ್ಲ. ಅಮೆರಿಕದ ಬಂದೂಕಿನ ಅಂಗಡಿಗಳಲ್ಲಿ ಲೇಅವೇ ಎಂಬ ಪದ್ಧತಿಯಿದೆ. ಗಿರಾಕಿ ಒಂದಿಷ್ಟು ಮುಂಗಡ ಕೊಟ್ಟು ತನಗೆ ಬೇಕಾದ ಪಿಸ್ತೂಲನ್ನು ತೆಗೆದಿಡಿಸುತ್ತಾನೆ, ಕಂತು ಕಟ್ಟುತ್ತಾ ಹೋಗುತ್ತಾನೆ, ಎಲ್ಲ ತೀರಿದ ದಿನ ಅಂಗಡಿಗೆ ಬಂದು 4473 ಎಂಬ ಸರ್ಕಾರಿ ನಮೂನೆ ತುಂಬುತ್ತಾನೆ. ಅವನ ಹಿನ್ನೆಲೆಯ ತಪಾಸಣೆ ನಡೆದ ಮೇಲೆಯೇ ಆಯುಧ ಕೈ ಬದಲಾಗುತ್ತದೆ. ಅಂದರೆ ಅಲ್ಲಿ ಸರ್ಕಾರದ ತಪಾಸಣೆ ವ್ಯವಹಾರದ ಕೊನೆಗೆ ಬರುತ್ತದೆ. ನಮ್ಮಲ್ಲಿ ಸರ್ಕಾರದ ಒಪ್ಪಿಗೆ ಮೊದಲು, ವ್ಯವಹಾರ ಆಮೇಲೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ, ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಳ್ಳುವುದನ್ನು ಮತ್ತು ಒಯ್ಯುವುದನ್ನು ಮಾತ್ರವಲ್ಲ, ಪಡೆದುಕೊಳ್ಳುವುದನ್ನೂ ನಿಷೇಧಿಸುತ್ತದೆ. ಈ ಕ್ರಮವನ್ನು ತಿರುವು ಮುರುವು ಮಾಡಿ ಅಲ್ಲಿಯ ಪದ್ಧತಿಯನ್ನು ಇಲ್ಲಿಗೆ ತಂದರೆ ತೊಂದರೆಗೆ ಸಿಕ್ಕುವವರು ಗಿರಾಕಿಗಳೇ.

ಹೇಗೆಂದರೆ, ನಿಮ್ಮ ಅರ್ಜಿಯ ಮೇಲೆ ಪೊಲೀಸ್ ವರದಿ ತರಿಸಿಕೊಂಡು ತೀರ್ಮಾನ ಮಾಡುವವರು ಬಾಗಲಕೋಟೆಯ ಜಿಲ್ಲಾ ದಂಡಾಧಿಕಾರಿಗಳು, ಎಂದರೆ ಜಿಲ್ಲಾಧಿಕಾರಿಗಳು. ವ್ಯಾಪಾರದ ಸ್ವರೂಪದಿಂದಲೇ ಜೀವ ಮತ್ತು ಆಸ್ತಿಯ ರಕ್ಷಣೆಯ ನಿಜವಾದ ಅಗತ್ಯ ಉಳ್ಳವರ ಅರ್ಜಿಯನ್ನು ಪರಿಗಣಿಸಬಹುದೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆಯಾದ್ದರಿಂದ ನೀವು ಠಾಣೆಗೆ ಕೊಟ್ಟ ದೂರಿನ ಪ್ರತಿ, ವ್ಯಾಪಾರದ ಲೈಸೆನ್ಸು, ಲೆಕ್ಕಪತ್ರಗಳು ನಿಮ್ಮ ಬಲಕ್ಕೆ ನಿಲ್ಲುತ್ತವೆ. ಆದರೂ ಅರ್ಜಿ ತಿರಸ್ಕೃತವಾಗಬಹುದು. ಆಗ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬಹುದು, ಮೇಲ್ಮನವಿಯನ್ನೂ ಸಲ್ಲಿಸಬಹುದು. ಆದರೆ ಅಂಗಡಿಯಲ್ಲಿ ಕುಳಿತಿರುವ ನಿಮ್ಮ ಮುಂಗಡದ ಗತಿಯೇನು? ಮಂಜೂರಾದರೂ ಯಾವ ಬಗೆಯ ಆಯುಧ, ಎಷ್ಟು ಗುಂಡು ಎಂಬುದೆಲ್ಲ ಪರವಾನಗಿಯಲ್ಲಿ ನಮೂದಾಗುತ್ತದೆ. ಅಂಗಡಿಯವರು ತೆಗೆದಿಟ್ಟದ್ದು ಅದಕ್ಕೆ ಹೊಂದದಿದ್ದರೆ ಅದು ನಿಮಗೆ ದಕ್ಕುವುದಿಲ್ಲ. (ಇದೇ ಸಂದರ್ಭದಲ್ಲಿ ಒಂದು ಮಾತು: ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದೆಂದು ಅದೇ ಕಾಯ್ದೆಯ 14ನೇ ಕಲಂ ಹೇಳುತ್ತದೆ. ‘ಎಕರೆಗಟ್ಟಲೆ ಹೊಲ ಇದ್ದವರಿಗೆ ಮಾತ್ರ ಗನ್ ಲೈಸೆನ್ಸು’ ಎಂದು ನಮ್ಮ ಕಡೆ ಆಡುವ ಮಾತನ್ನು ನಂಬಿ ಕಂತಿನ ವಿಷಯವನ್ನು ಮುಚ್ಚಿಡಬೇಕಾಗಿಲ್ಲ.)

ಆದೇಶ ಬಂದ ಮೇಲೆ ಕಂತಿನ ಮಾತುಕತೆಗೆ ಕೂರಿರಿ. ಎಷ್ಟು ದಿನಗಳೊಳಗೆ ಖರೀದಿಸಿ ಅಧಿಕಾರಿಗಳ ಮುಂದೆ ಹಾಜರುಪಡಿಸಬೇಕೆಂದು ಪರವಾನಗಿಯಲ್ಲಿ ಇದೆಯೋ, ನಿಮ್ಮ ಕೊನೆಯ ಕಂತು ಆ ಗಡುವಿಗಿಂತ ಸಾಕಷ್ಟು ಮುಂಚೆ ಮುಗಿಯುವಂತೆ ಅವಧಿಯನ್ನು ಗೊತ್ತುಮಾಡಿಕೊಳ್ಳಿ. ತಯಾರಕರ ಹೆಸರು, ಬೋರ್ (ನಳಿಕೆಯ ಒಳಅಳತೆ), ಆಯುಧದ ಮೇಲೆ ಕೊರೆದ ಸಂಖ್ಯೆ, ತೆರಿಗೆ ಸೇರಿ ಒಟ್ಟು ಬೆಲೆ, ನಡುವೆ ಬೆಲೆ ಏರಿದರೆ ಹೊರೆ ಯಾರದು, ನೀವು ಕಂತು ತಪ್ಪಿಸಿದರೆ ಎಷ್ಟು ಹಣ ಮುರಿದುಕೊಳ್ಳುತ್ತಾರೆ, ಪರವಾನಗಿ ರದ್ದಾದರೆ ಎಷ್ಟು ಮರಳಿಸುತ್ತಾರೆ, ಇವೆಲ್ಲ ಬರಹದಲ್ಲಿರಬೇಕು ಮತ್ತು ಪ್ರತಿ ಕಂತಿಗೂ ಅಂಗಡಿಯ ಮೊಹರು ಇರುವ ರಸೀದಿ ಬೇಕು. ಬಾಯಿಮಾತಿನ ಮೇಲೆ ಬೆಲ್ಲದ ಪೆಂಟೆಗಳನ್ನು ಸಾಲ ಕೊಡುವ ನಮ್ಮ ಪೇಟೆಯ ವಿಶ್ವಾಸ ದೊಡ್ಡದು, ಆದರೆ ಈ ಸರಕಿಗೆ ಅದು ಸಲ್ಲದು. ಕಾಗದ ಇದ್ದರೆ, ವ್ಯಾಜ್ಯ ಬಂದಾಗ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹೋಗಬಹುದು. ಹಣ ಕಟ್ಟುವ ಮೊದಲು ಅಂಗಡಿಯವರ ಮಾರಾಟದ ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಕೇಳಿ ನೋಡಿ. ಪ್ರಾಮಾಣಿಕ ವ್ಯಾಪಾರಿ ಅದನ್ನು ತೋರಿಸಲು ಹಿಂಜರಿಯುವುದಿಲ್ಲ.

ಅರ್ಧ ಹಣಕ್ಕೆ ಮನೆಗೆ ತರುವ ವಿಚಾರವನ್ನು ಬಿಟ್ಟುಬಿಡಿ. ಬಾಕಿ ಉಳಿದಿದೆ ಎಂದು ಅಂಗಡಿಯವರು ನಾಳೆ ಅದನ್ನು ಮರಳಿ ಕೇಳಿದರೆ ಏನು ಮಾಡುವಿರಿ? ಈ ಕಾಯ್ದೆಯಲ್ಲಿ ವರ್ಗಾವಣೆ ಎಂದರೆ ಮಾರಾಟವಷ್ಟೇ ಅಲ್ಲ. ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ಸ್ವಾಧೀನ ಬಿಟ್ಟುಕೊಡುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಆದ್ದರಿಂದ ಕಂತಿಗೆ ಹಣ ಸಾಲದೆ ಬಂದಾಗ ರಿವಾಲ್ವರನ್ನು ಯಾರಲ್ಲೋ ಅಡವಿಡುವುದು, ‘ನಾಲ್ಕು ದಿನ ನಿನ್ನ ಹತ್ತಿರ ಇರಲಿ’ ಎಂದು ಗೆಳೆಯನ ಕೈಗೆ ಕೊಡುವುದು ಕೂಡ ನಿಮ್ಮನ್ನು ಅಪರಾಧಿಯನ್ನಾಗಿಸಬಲ್ಲವು.

ಕಂತು ಕಟ್ಟುವ ಈ ತಿಂಗಳುಗಳನ್ನು ನಾನು ಅಡ್ಡಿಯೆಂದು ಎಣಿಸುವುದಿಲ್ಲ. ಮೊದಲ ಸಲ ಆಯುಧ ಇಟ್ಟುಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಸಿಗುವುದಿಲ್ಲ, ಏಕೆಂದರೆ ಮನೆಯನ್ನೂ ಕೈಯನ್ನೂ ಆಯುಧ ಬರುವ ಮೊದಲೇ ಸಿದ್ಧಗೊಳಿಸಬಹುದು.

ಮೊದಲನೆಯದು ತರಬೇತಿ. 2016ರ ನಿಯಮಗಳು ಆಯುಧ ಸುರಕ್ಷತೆಯ ತರಬೇತಿಯನ್ನು ಮತ್ತು ಅದರ ಪ್ರಮಾಣಪತ್ರವನ್ನು ಪರವಾನಗಿಯ ಪ್ರಕ್ರಿಯೆಯೊಳಗೇ ತಂದಿವೆ. ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಬಾಗಲಕೋಟೆ ನವನಗರದ ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ. ಪ್ರಮಾಣಪತ್ರ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಯಾವ ಆಯುಧವನ್ನೇ ಆಗಲಿ ಗುಂಡು ತುಂಬಿದೆಯೆಂದೇ ತಿಳಿದು ಹಿಡಿಯುವುದು, ನಳಿಕೆಯನ್ನು ಯಾರ ಕಡೆಗೂ ತಿರುಗಿಸದಿರುವುದು, ಹಾರಿಸುವ ತೀರ್ಮಾನ ಆಗುವವರೆಗೆ ಬೆರಳನ್ನು ಟ್ರಿಗರ್‌ನಿಂದ ಹೊರಗಿಡುವುದು, ಗುರಿಯನ್ನೂ ಗುರಿಯ ಹಿಂದೆ ಇರುವುದನ್ನೂ ನೋಡಿಕೊಳ್ಳುವುದು, ಈ ನಾಲ್ಕೂ ಕೈಗೆ ರೂಢಿಯಾಗಬೇಕು.

ಯಾವುದನ್ನು ಕೊಳ್ಳಬೇಕೆಂಬುದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ನಾಗರಿಕರಿಗೆ ಸಾಮಾನ್ಯವಾಗಿ ಸಿಗುವುದು .32 ಬೋರಿನ ಆರು ಗುಂಡಿನ ರಿವಾಲ್ವರ್. 9 ಎಂಎಂ ಪಿಸ್ತೂಲು ನಿಷೇಧಿತ ಬೋರಿನದು, ಅದರ ಆಸೆ ಬೇಡ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೊರತಂದ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರ್‌ಗೆ ಆಗಲೇ ಸುಮಾರು 1.22 ಲಕ್ಷ ರೂಪಾಯಿ ಇತ್ತು. ಹೀಗಿರುವಾಗ ಕಂತು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. 2023ರಲ್ಲಿ ಕಾನ್ಪುರದಿಂದಲೇ ಬಂದ ‘ಪ್ರಬಲ್’‌ನ ಗುಂಡಿನ ಉರುಳೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ನಿರ್ಭೀಕ್‌ನಲ್ಲಿ ನಳಿಕೆಯನ್ನೇ ಕೆಳಗೆ ಮಡಚಿ ತೆರೆಯಬೇಕು. ಎರಡನ್ನೂ ಖಾಲಿಯಾಗಿ ಕೈಯಲ್ಲಿ ಹಿಡಿದು, ನಿಮ್ಮ ಹಿಡಿತಕ್ಕೆ ಯಾವುದು ಒಗ್ಗುತ್ತದೆಯೋ ನೋಡಿ.

ಇನ್ನು ಮನೆ. ನನ್ನ ದೃಷ್ಟಿಯಲ್ಲಿ ನಿಮ್ಮ ಪತ್ರದ ಅತಿ ಮುಖ್ಯ ಸಾಲು ಮಕ್ಕಳ ಬಗ್ಗೆ ಬರೆದದ್ದು. ಆಯುಧವನ್ನು ಸುರಕ್ಷಿತವಾಗಿ ಇಡುತ್ತೇನೆಂದು ಎಸ್-2 ನಮೂನೆಯಲ್ಲಿ ನೀವು ಬರೆದುಕೊಡುವ ಮುಚ್ಚಳಿಕೆ ಕೇವಲ ಸಹಿಯ ಕಾಗದವಲ್ಲ. ಮೊದಲ ಕಂತಿಗೂ ಮುಂಚೆ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ತಿಜೋರಿ ನಿಮ್ಮ ಸ್ವಂತ ಕೋಣೆಯಲ್ಲಿ ಬರಲಿ. ಹಣಕಾಸು ಬಿಗಿಯಾಗಿದ್ದರೆ ರಿವಾಲ್ವರ್ ಎರಡು ತಿಂಗಳು ತಡವಾಗಲಿ, ತಿಜೋರಿ ಮಾತ್ರ ತಡವಾಗಬಾರದು. ಗುಂಡುಗಳಿಗೆ ಬೇರೆ ಕೀಲಿಯ ಬೇರೆ ಪೆಟ್ಟಿಗೆ ಬೇಕು. ಹಾಸಿಗೆಯ ಕೆಳಗೆ, ದೇವರ ಕೋಣೆಯ ಮಾಡದಲ್ಲಿ, ಅಟ್ಟದ ಮೇಲೆ, ಬಟ್ಟೆಯ ಟ್ರಂಕಿನಲ್ಲಿ, ಗದ್ದಿಗೆಯ ಗಲ್ಲಾಪೆಟ್ಟಿಗೆಯಲ್ಲಿ ಇಡಬೇಡಿ. ಕೂಡು ಮನೆಯಲ್ಲಿ ಮಕ್ಕಳ ಕೈಗೆ ಎಟುಕದ ಜಾಗವೆಂಬುದೇ ಇಲ್ಲ. ಕೀಲಿ ನಿಮ್ಮೊಬ್ಬರ ಬಳಿ ಇರಬೇಕು. ತಮ್ಮನಿಗೂ ಕೊಡುವಂತಿಲ್ಲ, ಏಕೆಂದರೆ ಪರವಾನಗಿ ನಿಮ್ಮ ಹೆಸರಿನದು. ತಾಯಿಯವರಿಗೂ, ತಮ್ಮನಿಗೂ, ಮನೆಯ ಹೆಣ್ಣುಮಕ್ಕಳಿಗೂ ವಿಷಯವನ್ನು ಮೊದಲೇ ತಿಳಿಸಿ, ಅವರ ಒಪ್ಪಿಗೆ ಪಡೆಯಿರಿ. ಮನೆಯಲ್ಲಿ ಯಾರಾದರೂ ಕುಡಿತಕ್ಕೆ ಬಿದ್ದಿದ್ದರೆ, ಯಾರಾದರೂ ತೀವ್ರ ಮನೋವ್ಯಥೆಯಲ್ಲಿದ್ದರೆ, ಅವರು ಚೇತರಿಸಿಕೊಳ್ಳುವವರೆಗೆ ಖರೀದಿಯನ್ನೇ ಮುಂದೂಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಕಳ್ಳನ ಭಯಕ್ಕೆ ತಂದದ್ದು ಮನೆಯವರ ಜೀವಕ್ಕೇ ಎರವಾಗಬಾರದು. ರಿವಾಲ್ವರನ್ನು ಚರ್ಮದ ಚೀಲದೊಳಗೆ ಹಾಗೆಯೇ ತಿಂಗಳುಗಟ್ಟಲೆ ಇಡಬೇಡಿ. ಚರ್ಮ ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ತೆಳುವಾಗಿ ಎಣ್ಣೆ ಸವರಿ ಒಣಬಟ್ಟೆಯಲ್ಲಿ ಇಡಿ.

ಹೊರಗೆ ಒಯ್ಯುವಾಗ ಪರವಾನಗಿ ಜೊತೆಯಲ್ಲಿರಲಿ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲಾ ಕಾಲೇಜುಗಳ ಆವರಣಕ್ಕೆ ಒಯ್ಯಬಾರದು. ಮದುವೆಯಲ್ಲಿ ಸಂಭ್ರಮಕ್ಕೆಂದು ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ ಕೊಡುತ್ತದೆ, ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲು ಕೊಡುವುದಿಲ್ಲ. ನಗದಿನ ಚೀಲ ಕಸಿದು ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆದು ಆತ್ಮರಕ್ಷಣೆ ಎನ್ನುವುದು ಕಷ್ಟ. ಸಾಧ್ಯವಾದಷ್ಟು ವ್ಯವಹಾರವನ್ನು ಬ್ಯಾಂಕಿನ ಮೂಲಕ ಮಾಡಿ, ನಗದು ಓಡಾಟವನ್ನೇ ಕಡಿಮೆ ಮಾಡಿಕೊಳ್ಳುವುದು ರಿವಾಲ್ವರ್‌ಗಿಂತ ಹೆಚ್ಚು ಕಾಯುತ್ತದೆ. ಚುನಾವಣೆ ಬಂದಾಗ ಆಯುಧವನ್ನು ಠಾಣೆಗೆ ಒಪ್ಪಿಸಲು ಸೂಚನೆ ಬರಬಹುದು. ಒಪ್ಪಿಸಿ ರಸೀದಿ ಪಡೆಯಿರಿ. ನಿಮ್ಮೂರಿಗೆ ದೂರವಲ್ಲದ ಹಲಗಲಿಯ ಬೇಡರು 1857ರಲ್ಲಿ ಕಂಪನಿ ಸರ್ಕಾರಕ್ಕೆ ಹತಾರ ಒಪ್ಪಿಸಲು ಒಲ್ಲೆವೆಂದು ಪ್ರಾಣ ಕೊಟ್ಟರು. ಅವರ ಲಾವಣಿ ಕೇಳಿ ಬೆಳೆದ ನಮಗೆ ಹತಾರ ಒಪ್ಪಿಸುವುದು ಮಾನದ ಪ್ರಶ್ನೆಯಾಗಿ ಕಾಣಬಹುದು, ಆದರೆ ಅದು ಪರಕೀಯರ ಆಳ್ವಿಕೆ. ಇಂದಿನ ಸೂಚನೆ ನಾವೇ ಮತ ಹಾಕುವ ಚುನಾವಣೆ ಶಾಂತವಾಗಿ ನಡೆಯಲೆಂದು ಬರುವಂಥದ್ದು.

ಪ್ರಶ್ನೆ: ಇಂಡಿ ತಾಲ್ಲೂಕಿನವನು, ನನಗೆ 20 ವರ್ಷ. ಪರಿಚಿತನೊಬ್ಬ ಕಂಟ್ರಿ ಪಿಸ್ತೂಲನ್ನು ಕಡಿಮೆ ಬೆಲೆಗೆ, ಅದೂ ಎರಡು ಕಂತಿನಲ್ಲಿ ಕೊಡುತ್ತೇನೆ ಎನ್ನುತ್ತಾನೆ. ನಮ್ಮ ನಿಂಬೆ ತೋಟದಲ್ಲಿ ರಾತ್ರಿ ಕಳವು ಆಗುತ್ತಿದೆ. ಪರವಾನಗಿಯನ್ನು ಆಮೇಲೆ ಮಾಡಿಸಿಕೊಂಡರೆ ನಡೆಯುತ್ತದೆಯೇ?

ಉತ್ತರ: ಇಲ್ಲ ತಮ್ಮಾ. ಅಂಥ ಆಯುಧಕ್ಕೆ ಯಾವ ಕಾಲಕ್ಕೂ ಪರವಾನಗಿ ಆಗುವುದಿಲ್ಲ, ಮತ್ತು 21 ತುಂಬುವವರೆಗೆ ನಿನಗೆ ಪರವಾನಗಿಯೂ ಸಿಗುವುದಿಲ್ಲ. ಪರವಾನಗಿಯಿಲ್ಲದ ಪಿಸ್ತೂಲು ಹತ್ತಿರ ಸಿಕ್ಕರೆ 2ರಿಂದ 5 ವರ್ಷದ ಸೆರೆವಾಸ ಮತ್ತು ದಂಡ. ಹಿಂದೆ ಯಾವುದೋ ಅಪರಾಧದಲ್ಲಿ ಬಳಕೆಯಾದದ್ದಾದರೆ ಆ ಪ್ರಕರಣವೂ ನಿನ್ನ ಕೊರಳಿಗೆ ಸುತ್ತಿಕೊಳ್ಳುತ್ತದೆ. ಕಚ್ಚಾ ಕೆಲಸದ ಆ ನಳಿಕೆ ಹಾರಿಸಿದವನ ಕೈಯಲ್ಲೇ ಸಿಡಿಯಬಲ್ಲದು. ಮೊದಲ ಕಂತು ಕೊಟ್ಟಿದ್ದರೂ ಆ ಹಣವನ್ನು ಮರೆತುಬಿಡು, ಪಿಸ್ತೂಲನ್ನು ಮುಟ್ಟಬೇಡ. ತೋಟಕ್ಕೆ ದೀಪ, ತಂತಿಬೇಲಿ, ನೆರೆಯ ರೈತರೊಂದಿಗೆ ಸರದಿಯ ಕಾವಲು ಮಾಡಿ. ಪ್ರತಿ ಕಳವಿಗೂ ಠಾಣೆಯಲ್ಲಿ ದೂರು ದಾಖಲಿಸು.

ಪ್ರಶ್ನೆ: ಬೀಳಗಿಯ ಗೃಹಿಣಿ ನಾನು. ನಮ್ಮ ಮಾವನವರು ತೀರಿಕೊಂಡರು. ಅವರ ಪರವಾನಗಿಯ ರಿವಾಲ್ವರ್ ಟ್ರಂಕಿನಲ್ಲಿದೆ. ನನ್ನ ಯಜಮಾನರು ತಮಗೆ ಬೇಕೆನ್ನುತ್ತಾರೆ, ಮೈದುನ ತನ್ನ ಪಾಲಿನ ಹಣವನ್ನು ಕಂತಿನಲ್ಲಾದರೂ ಕೊಡಿ ಎನ್ನುತ್ತಾನೆ. ಏನು ಮಾಡಬೇಕು?

ಉತ್ತರ: ಪಾಲಿನ ಮಾತಿಗೆ ಮೊದಲು ರಿವಾಲ್ವರ್ ಮನೆಯಿಂದ ಹೊರಗೆ ಹೋಗಬೇಕು, ತಾಯಿ. ಪರವಾನಗಿದಾರರು ತೀರಿಕೊಂಡ ಮೇಲೆ ಅದನ್ನು ಇಟ್ಟುಕೊಳ್ಳುವ ಅಧಿಕಾರ ಮನೆಯಲ್ಲಿ ಯಾರಿಗೂ ಇಲ್ಲ. ಗುಂಡುಗಳೊಡನೆ ಅದನ್ನು ತಡಮಾಡದೆ ಹತ್ತಿರದ ಠಾಣೆಗೆ ಇಲ್ಲವೇ ಪರವಾನಗಿಯುಳ್ಳ ಅಂಗಡಿಗೆ ಠೇವಣಿ ಒಪ್ಪಿಸಬೇಕು. ಯಾರೂ ಅದನ್ನು ತೆರೆದು ನೋಡಲು ಹೋಗಬೇಡಿ. ಠಾಣೆಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ನಿಮ್ಮ ಯಜಮಾನರು ವಾರಸುದಾರರಾಗಿ ತಮ್ಮ ಹೆಸರಿಗೆ ಪರವಾನಗಿ ಕೇಳಿ ಅರ್ಜಿ ಹಾಕಬಹುದು, ಆದರೆ ಉಳಿದ ವಾರಸುದಾರರು ತಮ್ಮ ಅಭ್ಯಂತರವಿಲ್ಲವೆಂದು ಸಹಿ ಮಾಡಿ ಕೊಡಬೇಕಾಗುತ್ತದೆ. ಮೈದುನರೊಂದಿಗೆ ಪಾಲಿನ ಹಣದ ಮಾತು ಮುಗಿಸಿ ಬರೆದುಕೊಳ್ಳಬೇಕಾದದ್ದು ಆ ಸಹಿಗೆ ಮೊದಲು. ಪರವಾನಗಿ ಸಿಗದಿದ್ದರೆ ಪರವಾನಗಿಯುಳ್ಳ ಬೇರೊಬ್ಬರಿಗೆ ಮಾರಿ ಹಣ ಹಂಚಿಕೊಳ್ಳಬಹುದು. ಆಗ ಕೊಳ್ಳುವವರ ಹೆಸರು, ವಿಳಾಸವನ್ನು ಜಿಲ್ಲಾ ದಂಡಾಧಿಕಾರಿಗಳಿಗೆ ಇಲ್ಲವೇ ಠಾಣೆಗೆ ಬರಹದಲ್ಲಿ ತಿಳಿಸಿ, ಕನಿಷ್ಠ 45 ದಿನ ಕಳೆದ ಮೇಲೆಯೇ ಹಸ್ತಾಂತರಿಸಬೇಕು. ಠೇವಣಿಯ ರಸೀದಿಯಲ್ಲಿ ಆಯುಧದ ಸಂಖ್ಯೆಯೂ ಗುಂಡುಗಳ ಎಣಿಕೆಯೂ ಇರುವಂತೆ ನೋಡಿಕೊಂಡು, ಅದರ ಪ್ರತಿಯನ್ನು ಮೈದುನರಿಗೂ ಕೊಡಿ.