ಏರ್ ಗನ್‌ನಿಂದ ಮೈಮೇಲಿನ ಧೂಳು ಹೊಡೆದುಕೊಂಡರೆ ಏನಾಗುತ್ತದೆ?

ನಿಮ್ಮ ವರ್ಕ್‌ಶಾಪಿನಲ್ಲಿ ನಾಲ್ಕು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಲೋಹ ಕಡೆಯುವ ಯಂತ್ರ), 500 ಲೀಟರ್ ಟ್ಯಾಂಕಿನ ಕಂಪ್ರೆಸರ್, ಲೈನ್‌ನಲ್ಲಿ 8 ಬಾರ್ ಒತ್ತಡ. ಶಿಫ್ಟ್ ಮುಗಿದಾಗ ಹುಡುಗರು ಏರ್ ಗನ್ನಿನಿಂದ (ಕಂಪ್ರೆಸರ್ ಗಾಳಿ ಊದುವ ಪಿಸ್ತೂಲಿನಂಥ ಸಾಧನ) ಬಟ್ಟೆ, ತಲೆ ಕ್ಲೀನ್ ಮಾಡಿಕೊಳ್ಳುತ್ತಾರೆ, ಕೇಳಿದರೆ ‘ಬರೀ ಗಾಳಿ ತಾನೆ’ ಎನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇವತ್ತೇ ನಿಲ್ಲಿಸಿ ಎಂದೇ ನಾನು ಹೇಳುವುದು.

ಕಾರಿನ ಟೈರಿಗೆ ಹಾಕುವುದು 32 ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ) ಆಸುಪಾಸು. ನಿಮ್ಮ 8 ಬಾರ್ ಅಂದರೆ 116 ಪಿಎಸ್‌ಐ. ಗನ್ನಿನ ತುದಿ ಮೈಗೆ ತಾಗಿಬಿಟ್ಟರೆ ಗಾಳಿ ಪಕ್ಕಕ್ಕೆ ಹೋಗಲು ದಾರಿ ಇರುವುದಿಲ್ಲ, ಲೈನಿನ ಪೂರ್ತಿ ಒತ್ತಡ ಚರ್ಮದ ಮೇಲೇ ಬೀಳುತ್ತದೆ. ಅಲ್ಲೊಂದು ಸಣ್ಣ ಗಾಯವಿದ್ದರೆ ಸಾಕು, ಗಾಳಿ ಚರ್ಮದಡಿ ನುಗ್ಗುತ್ತದೆ. ಅದು ರಕ್ತನಾಳ ಸೇರಿದರೆ ಪ್ರಾಣಕ್ಕೇ ಸಂಚಕಾರ. ಕಿವಿಯ ತಮಟೆ ಹರಿಯುವುದು, ಚಿಪ್ಸ್ (ಲೋಹದ ಚೂರು) ಕಣ್ಣಿಗೆ ಚುಚ್ಚುವುದು ಬೇರೆ. ಹಿಂಭಾಗಕ್ಕೆ ಗಾಳಿ ಹೊಡೆಯುವ ‘ತಮಾಷೆ’ಯಿಂದ ಕರುಳು ಒಡೆದು ಸತ್ತವರಿದ್ದಾರೆ, ಅದನ್ನು ಹೊಸಬರಿಗೆ ಮೊದಲ ದಿನವೇ, ಮುಲಾಜಿಲ್ಲದೆ ಹೇಳಿ.

ಅಮೆರಿಕದ ಕಾರ್ಖಾನೆ ಸುರಕ್ಷತಾ ನಿಯಮದಲ್ಲಿ ಕ್ಲೀನಿಂಗ್ ಗಾಳಿ 30 ಪಿಎಸ್‌ಐಗಿಂತ, ಅಂದರೆ ಸುಮಾರು 2 ಬಾರ್‌ಗಿಂತ ಕಡಿಮೆ ಇರಬೇಕು. ಜೊತೆಗೆ ಚಿಪ್ಸ್ ತಡೆಯುವ ಅಡ್ಡಪರದೆ, ಕನ್ನಡಕ ಬೇಕು. ಒಳ್ಳೆಯ ಅಳತೆ, ನೀವೂ ಪಾಲಿಸಿ. ಇದು ಮೆಷಿನ್, ಜಾಬ್ (ಲೇತಿನಲ್ಲಿ ತಯಾರಾಗುವ ಭಾಗ) ಕ್ಲೀನ್ ಮಾಡುವುದಕ್ಕೆ ಹೇಳಿದ್ದು. ಮೈಗೆ 2 ಬಾರ್ ಕೂಡ ಬೇಡ, ಬಟ್ಟೆಗೆ ಬ್ರಷ್ ಅಥವಾ ವ್ಯಾಕ್ಯೂಮ್ ಕ್ಲೀನರ್ ಇಡಿ.

ಬರೀ ರೆಗ್ಯುಲೇಟರ್ (ಒತ್ತಡ ಇಳಿಸುವ ಸಾಧನ) ಹಾಕಿ 2 ಬಾರ್‌ಗೆ ಇಳಿಸಿದರೆ ವಾರದೊಳಗೆ ಯಾರೋ ಅದನ್ನು ಮತ್ತೆ ತಿರುಗಿಸಿರುತ್ತಾರೆ, ಏಕೆಂದರೆ ಸಾದಾ ನಾಜಲ್‌ನಲ್ಲಿ ಅಷ್ಟು ಗಾಳಿಗೆ ಚಿಪ್ಸ್ ಹೋಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ರಂಧ್ರವಿರುವ ಸೇಫ್ಟಿ ನಾಜಲ್ ತರಿಸಿ. ತುದಿ ಮುಚ್ಚಿಕೊಂಡರೂ ಗಾಳಿ ಆ ರಂಧ್ರಗಳಿಂದ ಹೊರಹೋಗುತ್ತದೆ, ಒತ್ತಡ ಏರುವುದಿಲ್ಲ. ಸುತ್ತಲಿನ ಗಾಳಿಯನ್ನೂ ಎಳೆದುಕೊಳ್ಳುವುದರಿಂದ ಕಡಿಮೆ ಒತ್ತಡದಲ್ಲೂ ಕೆಲಸ ಸಾಗುತ್ತದೆ. ಲಾಕ್ ಮಾಡುವ ನಾಬ್ ಇರುವ ರೆಗ್ಯುಲೇಟರನ್ನೇ ಹಾಕಿ. ಒಪ್ಪದ ಆಪರೇಟರ್‌ಗೆ ಇನ್ನೊಂದು ಮಾತು: ಜೋರು ಗಾಳಿ ಸಣ್ಣ ಚಿಪ್ಸನ್ನು ವೈಪರ್ (ಕಸ ತಡೆಯುವ ರಬ್ಬರ್ ಪಟ್ಟಿ) ದಾಟಿಸಿ ಮೆಷಿನ್ ಭಾಗಗಳು ಜಾರುವ ಗೈಡ್‌ವೇಗೆ, ತಿರುಗುವ ಸ್ಪಿಂಡಲ್‌ನ ಸೀಲ್ ಒಳಕ್ಕೆ ತಳ್ಳುತ್ತದೆ. ಮೊದಲು ಬ್ರಷ್, ಕೂಲಂಟ್ (ಮೆಷಿನ್ನಿನ ತಂಪು ದ್ರವ), ಉಳಿದದ್ದಕ್ಕಷ್ಟೇ ಗಾಳಿ.

ಯಾರಿಗಾದರೂ ಗಾಳಿ ಚುಚ್ಚಿಕೊಂಡರೆ ತೂತು ಸೂಜಿಮೊನೆಯಷ್ಟಿರಬಹುದು, ನೋವೂ ಇರಲಿಕ್ಕಿಲ್ಲ. ಟಿಟಿ ಇಂಜೆಕ್ಷನ್ ಹಾಕಿಸಿ ಮನೆಗೆ ಕಳಿಸಬೇಡಿ. ಸರ್ಜನ್ ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ದು, ಎಷ್ಟು ಬಾರ್, ಗಾಳಿಯಲ್ಲಿ ಎಣ್ಣೆ ಇತ್ತೇ ಎಂಬುದನ್ನು ತಿಳಿಸಿ.

ಇನ್ನು ಟ್ಯಾಂಕ್. 500 ಲೀಟರ್, 8 ಬಾರ್ ಅಂದರೆ ಅದರಲ್ಲಿ ತುಂಬಿಟ್ಟ ಶಕ್ತಿ ಹತ್ತಿರ ಹತ್ತಿರ 100 ಗ್ರಾಂ ಟಿಎನ್‌ಟಿ ಸ್ಫೋಟಕಕ್ಕೆ ಸಮ. ಗಾಳಿಯ ತೇವ ನೀರಾಗಿ ತಳದಲ್ಲಿ ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಪೇಂಟ್ ಹೊಳೆಯುತ್ತಲೇ ಇರುತ್ತದೆ. ದಿನವೂ ಡ್ರೈನ್ ಕಾಕ್ ತೆರೆದು ನೀರು ಬಿಡಿ. ಒತ್ತಡ ಮಿತಿಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್ ಸೋರುತ್ತದೆಂದು ಅದರ ಸ್ಪ್ರಿಂಗ್ ಬಿಗಿ ಮಾಡುವುದು, ಪ್ಲಗ್ ಹಾಕುವುದು, ಟ್ಯಾಂಕಿಗೂ ಅದಕ್ಕೂ ನಡುವೆ ಬಾಲ್ ವಾಲ್ವ್ ಕೂರಿಸುವುದು ಬೇಡವೇ ಬೇಡ, ಹೊಸದು ಹಾಕಿ. ಒತ್ತಡದ ಪಾತ್ರೆಗಳ ಬಗ್ಗೆ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ 31ನೇ ಕಲಮೇ ಇತ್ತು. ಅಧಿಕೃತ ತಜ್ಞರಿಂದ ಪರೀಕ್ಷೆ ಮಾಡಿಸಿ, ಪ್ರೆಷರ್ ಟೆಸ್ಟ್ ನೀರಿನಲ್ಲೇ ಆಗಲಿ. ನೀರು ಕುಗ್ಗುವುದಿಲ್ಲ, ಟ್ಯಾಂಕ್ ಬಿರಿದರೂ ಸಿಡಿಯುವುದಿಲ್ಲ.

ಹೋಸ್ ಬಿಚ್ಚುವ ಮುಂಚೆ ವಾಲ್ವ್ ಮುಚ್ಚಿ, ಗನ್ ಒತ್ತಿ ಒಳಗಿನ ಗಾಳಿ ಖಾಲಿ ಮಾಡಿ. ಕಳಚಿಕೊಂಡ ಹೋಸ್ ಚಾವಟಿಯಂತೆ ಬೀಸುತ್ತದೆ; ಒಂದಿಂಚಿನ ಹೋಸಾದರೆ ಸೇಫ್ಟಿ ಕೇಬಲ್ ಕಟ್ಟಿ.

ಲೈನಿಗೆ ಪಿವಿಸಿ ಪೈಪ್ ಹಾಕಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ತೆಗೆಸಿ. ಅದರ ಮೇಲೆ ಬರೆದಿರುವ ಒತ್ತಡ ನೀರಿನ ಲೆಕ್ಕದ್ದು. ಗಾಳಿ ತುಂಬಿದ ಪಿವಿಸಿ ಒಡೆದರೆ ಗಾಜಿನ ಚೂರಿನ ಹಾಗೆ ಸಿಡಿಯುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ಅಲ್ಯೂಮಿನಿಯಂ ಪೈಪ್ ಹಾಕಿಸಿ.